ಕೈಸಾಲ ವಸೂಲಿಗೆ ನೋಟಿಸ್ ನಾನೇ ಬರೆಯಬಹುದಾ? ಪ್ರೋನೋಟ್ ಇಲ್ಲ, ವಾಟ್ಸಾಪ್ ಮಾತ್ರ ಇದೆ

ಬಸವೇಶ್ವರನಗರದವನು:

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೊದಲು ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ 2023ರ ಆಗಸ್ಟ್ 12ರಂದು 1,20,000 ರೂಪಾಯಿ ಬ್ಯಾಂಕ್ ಮೂಲಕ ಕಳಿಸಿದ್ದೆ. ಅವರ ತಂಗಿ ಮದುವೆ ಇತ್ತು. ಆಮೇಲೆ ನವೆಂಬರ್ 4ಕ್ಕೆ, ಛತ್ರದವರಿಗೆ ಬಾಕಿ ಕೊಡಬೇಕು ಅಂತ ಇನ್ನೂ 60,000 ಕ್ಯಾಶ್ ತಗೊಂಡರು. ಪ್ರೋನೋಟ್ ಇಲ್ಲ, ಚೆಕ್ ಇಲ್ಲ. ದಿನಾ ಒಟ್ಟಿಗೆ ಕೂತು ಡಬ್ಬಿ ಊಟ ಮಾಡೋರ ಹತ್ತಿರ ಯಾರು ಬರೆಸಿಕೊಳ್ಳುತ್ತಾರೆ ಹೇಳಿ. ಬಡ್ಡಿ ಮಾತೇ ಆಡಿಲ್ಲ.

2024ರಲ್ಲಿ ಬಿಡಿಬಿಡಿಯಾಗಿ ಫೋನ್‌ಪೇನಲ್ಲಿ ಒಟ್ಟು 35,000 ವಾಪಸ್ ಹಾಕಿದ್ದಾರೆ. ಆಮೇಲೆ ನಿಂತೇ ಹೋಯಿತು. ಮೊದಮೊದಲು "ಮುಂದಿನ ತಿಂಗಳು ಪಕ್ಕಾ" ಅನ್ನುತ್ತಿದ್ದವರು ಈಗ ಮೆಸೇಜ್ ನೋಡಿ ಸುಮ್ಮನಾಗುತ್ತಾರೆ. ಕೆಲಸ ಬದಲಾಯಿಸಿ ತುಮಕೂರಿಗೆ ಹೋಗಿದ್ದಾರೆ ಅಂತ ಬೇರೆಯವರಿಂದ ಗೊತ್ತಾಯಿತು. ಈ ಆಗಸ್ಟ್‌ಗೆ ಮೂರು ವರ್ಷ ಆಗುತ್ತೆ, ಮೂರು ವರ್ಷ ದಾಟಿದರೆ ಕೇಳೋ ಹಕ್ಕೇ ಇಲ್ಲ ಅಂತ ಯಾರೋ ಹೆದರಿಸಿದರು. ನಿಜಾನಾ?

ಲಾಯರ್ ಇಲ್ಲದೆ ನಾನೇ ಒಂದು ನೋಟಿಸ್ ಬರೆದರೆ ಅದಕ್ಕೆ ಬೆಲೆ ಇರುತ್ತಾ? ಇಂಗ್ಲಿಷ್‌ನಲ್ಲೇ ಇರಬೇಕಾ? ನಾನು ಬರೆದಿಟ್ಟಿರೋದು ಇಷ್ಟು, ಬೈಯಬೇಡಿ:

"ನೀನು ನನ್ನ ನಂಬಿಕೆಗೆ ದ್ರೋಹ ಮಾಡಿದ್ದೀಯ. ಈ ಪತ್ರ ಸಿಕ್ಕಿದ 7 ದಿನದಲ್ಲಿ ಬಡ್ಡಿ ಸೇರಿ 2,50,000 ಕೊಡದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಟ್ಟು ಜೈಲಿಗೆ ಕಳಿಸುತ್ತೇನೆ. ನಿನ್ನ ಹೊಸ ಆಫೀಸಿಗೂ, ನಿನ್ನ ಮಾವನ ಮನೆಗೂ ಈ ಪತ್ರದ ಕಾಪಿ ಹೋಗುತ್ತದೆ."

ಗುರು_ವಿಜಯನಗರ:

ಬ್ರೋ ಸರಿಯಾಗೇ ಬರೆದಿದ್ದೀರಿ. ಇಂಥವರಿಗೆ ಮರ್ಯಾದೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ. ಸ್ಟೇಷನ್‌ನಲ್ಲಿ ಗೊತ್ತಿರೋರು ಇದ್ದರೆ ಒಂದು ಫೋನ್ ಮಾಡಿಸಿ, ಮಾರನೇ ದಿನ ದುಡ್ಡು ಬರುತ್ತೆ.

ಕರಿಕೋಟು:

ಗುರು ಅವರೇ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಕೊಟ್ಟ ಸಾಲ ವಾಪಸ್ ಬರದೇ ಇರೋದು ಸಿವಿಲ್ ವ್ಯವಹಾರ. ವಸೂಲಿ ಮಾಡಿಕೊಡೋದು ಪೊಲೀಸರ ಕೆಲಸ ಅಲ್ಲ. ಮೋಸದ ಕೇಸ್ ನಿಲ್ಲಬೇಕಾದರೆ ಸಾಲ ತಗೊಳ್ಳುವಾಗಲೇ ಕೊಡಬಾರದು ಅನ್ನೋ ದುರುದ್ದೇಶ ಇತ್ತು ಅಂತ ತೋರಿಸಬೇಕು. ಇಲ್ಲಿ ಆ ಮನುಷ್ಯ 35,000 ವಾಪಸ್ ಕೊಟ್ಟಿದ್ದಾನೆ. ಮೊದಲೇ ಮುಳುಗಿಸೋ ಮನಸ್ಸಿತ್ತು ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ಈಗ ಪ್ರಶ್ನೆ ಕೇಳಿದವರಿಗೆ. ಪತ್ರ ನೀವೇ ಬರೆಯಬಹುದು. ವಕೀಲರ ಲೆಟರ್‌ಹೆಡ್ ಇದ್ದರೇನೇ ನೋಟಿಸ್ ಅಂತ ಕಾನೂನು ಎಲ್ಲೂ ಹೇಳಿಲ್ಲ. ಹಾಗೆ ನೋಡಿದರೆ ಖಾಸಗಿ ಕೈಸಾಲಕ್ಕೆ ದಾವೆ ಹಾಕೋ ಮೊದಲು ನೋಟಿಸ್ ಕೊಡಲೇಬೇಕು ಅಂತಲೂ ಇಲ್ಲ. ಸರ್ಕಾರದ ಮೇಲೆ ದಾವೆ ಹಾಕುವಾಗ ಮತ್ತು ಚೆಕ್ ಬೌನ್ಸ್‌ನಲ್ಲಿ ಕಡ್ಡಾಯ, ನಿಮ್ಮದರಲ್ಲಿ ಅಲ್ಲ. ಆದರೂ ಕಳಿಸಿ. ಕನ್ನಡದಲ್ಲೇ ಬರೆಯಿರಿ. ಅವರಿಗೆ ಅರ್ಥ ಆಗೋ ಭಾಷೆ, ಇಲ್ಲಿನ ವಿಚಾರಣಾ ಕೋರ್ಟುಗಳಲ್ಲೂ ನಡೆಯೋ ಭಾಷೆ.

ನೀವು ಆ ಪತ್ರವನ್ನು ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ. ಅದನ್ನು ಮುಂದೆ ಯಾವತ್ತೋ ಓದಬೇಕಾದ ಜಡ್ಜ್‌ಗೋಸ್ಕರ ಬರೆಯಿರಿ. ದಾವೆ ಹೂಡಿದ ದಿನ ಇದೇ ಪತ್ರ ಕೋರ್ಟಿನಲ್ಲಿ ದಾಖಲೆ ಆಗುತ್ತದೆ, ಆಗ ಎದುರು ಪಕ್ಷದ ವಕೀಲರು ಒಂದೊಂದು ಸಾಲನ್ನೂ ಹಿಡಿದು ಕೇಳುತ್ತಾರೆ: ಬಡ್ಡಿ ಮಾತಾಡಿಲ್ಲ ಅಂದವರು 2,50,000 ಎಲ್ಲಿಂದ ತಂದಿರಿ? ಜೈಲು ಅಂತ ಹೆದರಿಸಿ ದುಡ್ಡು ಕೇಳಿದ್ದು ಬೆದರಿಕೆ ಅಲ್ವಾ? ಮಾವನ ಮನೆಗೆ ಕಾಪಿ ಕಳಿಸಿದ್ದು ಮಾನನಷ್ಟ ಅಲ್ವಾ? ಇದಕ್ಕೆಲ್ಲ ನೀವು ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ, ಸಾಲ ತಗೊಂಡವನು ಆರಾಮಾಗಿ ಕೂತಿರುತ್ತಾನೆ.

ಮೂರು ವರ್ಷದ ವಿಷಯ ನಿಜ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಕೈಸಾಲಕ್ಕೆ ಮೂರು ವರ್ಷ. ವಾಯಿದೆ ಬರೆದುಕೊಳ್ಳದ ಸಾಲಕ್ಕೆ ಹಣ ಕೊಟ್ಟ ದಿನದಿಂದಲೇ ಲೆಕ್ಕ, ನೀವು ವಾಪಸ್ ಕೇಳಿದ ದಿನದಿಂದ ಅಲ್ಲ. ತುಂಬಾ ಜನ ಎಡವೋದು ಇಲ್ಲೇ. ನೋಟಿಸ್ ಕಳಿಸಿದ ಕೂಡಲೇ ಗಡಿಯಾರ ನಿಂತುಬಿಡುತ್ತೆ ಅಂದುಕೊಳ್ಳುತ್ತಾರೆ. ನಿಲ್ಲಲ್ಲ. ನೀವು ಎಷ್ಟು ನೋಟಿಸ್ ಕಳಿಸಿದರೂ ಒಂದು ದಿನವೂ ಜಾಸ್ತಿ ಸಿಗಲ್ಲ.

ಜಾಸ್ತಿ ಸಿಗೋದು ಅವನು ಬರೆದುಕೊಟ್ಟರೆ. ಮೂರು ವರ್ಷ ಮುಗಿಯೋ ಮೊದಲು "ಇಷ್ಟು ಬಾಕಿ ಇದೆ" ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಆ ದಿನದಿಂದ ಮತ್ತೆ ಮೂರು ವರ್ಷ. ಅದೇ ಕಾಯ್ದೆಯ 18ನೇ ಸೆಕ್ಷನ್. ಇದರಲ್ಲಿ ಒಂದು ಸೊಗಸಿದೆ. "ಬಾಕಿ ಇರೋದು ಹೌದು, ಆದರೆ ಕೊಡಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ" ಅಂತ ಬರೆದು ಸಹಿ ಹಾಕಿದರೂ ಅದು ಒಪ್ಪಿಗೆಯೇ. ಅವನ ಪರವಾಗಿ ಅವನ ವಕೀಲರು ಉತ್ತರ ಕೊಟ್ಟು ಅದರಲ್ಲಿ ಬಾಕಿಯನ್ನು ಒಪ್ಪಿದ್ದರೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ನಿಮ್ಮ ಪತ್ರ ಅವನನ್ನು ಹೆದರಿಸಿ ಬಾಯಿ ಮುಚ್ಚಿಸಬಾರದು. ಉತ್ತರ ಬರೆಯೋ ಹಾಗೆ ಮಾಡಬೇಕು.

ಬಸವೇಶ್ವರನಗರದವನು:

ಸರ್ ತುಂಬಾ ಥ್ಯಾಂಕ್ಸ್. ಹಾಗಾದರೆ ಫೋನ್‌ಪೇನಲ್ಲಿ ಹಾಕಿದ 35,000ದಿಂದ ಮೂರು ವರ್ಷ ಹೊಸದಾಗಿ ಶುರು ಆಗಲ್ವಾ? ಇನ್ನೊಂದು, ಕ್ಯಾಶ್ ಕೊಟ್ಟ 60,000ಕ್ಕೆ ಇರೋದು ಆವತ್ತು ರಾತ್ರಿ ಅವರು ಕಳಿಸಿದ "ಅರವತ್ತು ಸಿಕ್ತು, ಥ್ಯಾಂಕ್ಸ್ ಕಣೋ" ಅನ್ನೋ ಮೆಸೇಜ್ ಮಾತ್ರ.

ಕರಿಕೋಟು:

ಭಾಗಶಃ ಪಾವತಿಯಿಂದಲೂ ಹೊಸ ಅವಧಿ ಸಿಗುತ್ತದೆ, ಆದರೆ ಆ ಪಾವತಿಗೆ ಕೊಟ್ಟವರ ಕೈಬರಹವೋ ಸಹಿಯೋ ಇರಬೇಕು ಅನ್ನುತ್ತೆ 19ನೇ ಸೆಕ್ಷನ್. ಫೋನ್‌ಪೇ ಎಂಟ್ರಿ ಅದಕ್ಕೆ ಸಾಕಾ ಅಂತ ವಾದ ಮಾಡೋಕೆ ವಕೀಲರಿಗೆ ಜಾಗ ಇದೆ. ನಿಮಗೆ ಆ ವಾದ ಯಾಕೆ ಬೇಕು? ಆಗಸ್ಟ್ 12 ಅಂತಲೇ ಇಟ್ಟುಕೊಂಡು ಅದರೊಳಗೆ ಕೆಲಸ ಮುಗಿಸಿ.

ಅದೇ 35,000ದಿಂದ ನಿಮಗೆ ಬೇರೆ ಒಂದು ಲಾಭ ಇದೆ. ನಿಮ್ಮದು ಎರಡು ಸಾಲ: ಒಂದು ಬ್ಯಾಂಕಿನದು, ಒಂದು ಕ್ಯಾಶಿನದು. ವಾಪಸ್ ಹಾಕುವಾಗ ಇದು ಯಾವ ಸಾಲಕ್ಕೆ ಅಂತ ಅವನು ಹೇಳಿದ್ದಾನಾ? ಹೇಳಿಲ್ಲ, ಮೆಸೇಜಿನಲ್ಲೂ ಅಂಥ ಸುಳಿವಿಲ್ಲ ಅಂದರೆ, ಯಾವುದಕ್ಕೆ ಜಮಾ ಮಾಡಿಕೊಳ್ಳಬೇಕು ಅನ್ನೋದು ಸಾಲ ಕೊಟ್ಟವರ ಆಯ್ಕೆ. 1872ರ ಕರಾರು ಕಾಯ್ದೆಯ 60ನೇ ಸೆಕ್ಷನ್. ಸಾಕ್ಷಿ ಕಡಿಮೆ ಇರೋದು ಕ್ಯಾಶ್ ಸಾಲಕ್ಕೆ. ಆ 35,000ವನ್ನು ಕ್ಯಾಶ್ ಸಾಲಕ್ಕೆ ಜಮಾ ಮಾಡಿಕೊಂಡಿದ್ದೇನೆ ಅಂತ ಪತ್ರದಲ್ಲೇ ತಿಳಿಸಿ. ಆಗ ಬ್ಯಾಂಕ್ ದಾಖಲೆ ಇರೋ 1,20,000 ಇಡಿಯಾಗಿ ನಿಲ್ಲುತ್ತದೆ, ಜಗಳ ಏನಿದ್ದರೂ ಉಳಿದ 25,000ಕ್ಕೆ.

ಲೆಕ್ಕದ_ಮೇಡಂ:

ಬಡ್ಡಿ ಬಗ್ಗೆ ನಾನು ಹೇಳುತ್ತೇನೆ, ಯಾಕಂದ್ರೆ ಇಂಥ ಪತ್ರ ಬರೆಯುವಾಗ ಜನರಿಗೆ ಎಲ್ಲಿಲ್ಲದ ಹುರುಪು ಬರೋದು ಬಡ್ಡಿ ಹಾಕೋದರಲ್ಲಿ. ನೂರಕ್ಕೆ ಮೂರು ರೂಪಾಯಿ ಅಂತ ಹಾಕಿಬಿಡುತ್ತಾರೆ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36 ಪರ್ಸೆಂಟ್! ಕರ್ನಾಟಕದಲ್ಲಿ ಲೇವಾದೇವಿ ಮಾಡೋರಿಗೆ 1961ರ ಕಾಯ್ದೆ ಇದೆ, ವಿಪರೀತ ಬಡ್ಡಿ ತಡೆಯೋಕೆ 2004ರ ಕಾಯ್ದೆ ಇದೆ, ಬಲವಂತದ ವಸೂಲಿ ವಿರುದ್ಧ 2025ರಲ್ಲಿ ಹೊಸ ಕಾನೂನು ಬಂದಿದೆ. ಸ್ನೇಹಿತನಿಗೆ ಒಂದು ಸಲ ಕೈಸಾಲ ಕೊಟ್ಟವರು ಲೇವಾದೇವಿಗಾರರಲ್ಲ, ಸರಿ. ಆದರೆ ನೀವೇ ಪತ್ರದಲ್ಲಿ ಮೀಟರ್ ಬಡ್ಡಿ ಬರೆದು ಸಹಿ ಹಾಕಿ ಕಳಿಸಿದರೆ, ಎದುರಿನವರು ನಿಮ್ಮನ್ನು ಆ ಸಾಲಿಗೆ ತಳ್ಳೋದು ಸುಲಭ.

ಬಡ್ಡಿ ಮಾತಾಡಿಲ್ಲ ಅಂದರೆ ಸಿಗೋದೇ ಇಲ್ಲ ಅಂತಲೂ ಅಲ್ಲ. 1978ರ ಬಡ್ಡಿ ಕಾಯ್ದೆ ಪ್ರಕಾರ, ಇಂಥ ದಿನದಿಂದ ಬಡ್ಡಿ ಕೇಳುತ್ತೇನೆ ಅಂತ ನೀವು ಬರಹದಲ್ಲಿ ತಿಳಿಸಿದ್ದರೆ, ಆ ದಿನದಿಂದ ಬಡ್ಡಿ ಕೊಡಿಸೋ ಅಧಿಕಾರ ಕೋರ್ಟಿಗಿದೆ. ಅದಕ್ಕೇ ಪತ್ರದಲ್ಲಿ ಬಡ್ಡಿಯ ಒಂದು ಸಾಲು ಇರಲೇಬೇಕು. ಹಳೇ ಎರಡೂವರೆ ವರ್ಷದ್ದು ಬಿಟ್ಟುಬಿಡಿ.

ಕ್ಯಾಶ್ ವಿಷಯ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಳ್ಳಬಾರದು ಅಂತ ಆದಾಯ ತೆರಿಗೆ ನಿಯಮ ಇದೆ. "ನೀನು ಕ್ಯಾಶ್ ಕೊಟ್ಟಿದ್ದೇ ತಪ್ಪು, ಕೇಸ್ ನಿಲ್ಲಲ್ಲ" ಅಂತ ಅವರು ಹೆದರಿಸಬಹುದು. ಆ ನಿಯಮದಲ್ಲಿ ದಂಡ ಬೀಳೋದು ತಗೊಂಡವರಿಗೆ, ಕೊಟ್ಟವರಿಗಲ್ಲ. ಸಾಲವೇ ಇಲ್ಲವಾಗೋದಿಲ್ಲ. ನೀವು ನೋಡಿಕೊಳ್ಳಬೇಕಾದ್ದು ಆ 60,000 ನಿಮ್ಮ ಹತ್ತಿರ ಎಲ್ಲಿಂದ ಬಂತು ಅನ್ನೋದು. ಆಸುಪಾಸಿನ ದಿನಗಳಲ್ಲಿ ಎಟಿಎಂನಿಂದ ತೆಗೆದಿದ್ದರೆ ಆ ಸ್ಟೇಟ್‌ಮೆಂಟ್ ಈಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಗುರು_ವಿಜಯನಗರ:

ಸರಿ ಸರಿ, ಪೊಲೀಸ್ ಮಾತು ವಾಪಸ್ ತಗೊಂಡೆ 😅 ಆದರೆ ವಾಟ್ಸಾಪ್ ಸ್ಕ್ರೀನ್‌ಶಾಟ್ ಕೋರ್ಟಲ್ಲಿ ನಡೆಯಲ್ಲ ಅಂತಾರಲ್ಲ?

ಕರಿಕೋಟು:

ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತಂದು ಕೊಟ್ಟರೆ ನಡೆಯಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡಬೇಕು. ಒಂದು ಭಾಗಕ್ಕೆ ನೀವು ಸಹಿ ಹಾಕುತ್ತೀರಿ, ಇನ್ನೊಂದು ಭಾಗಕ್ಕೆ ಪರಿಣತರು. ಅದು ದಾವೆ ಹಂತದ ಕೆಲಸ, ವಕೀಲರು ನೋಡಿಕೊಳ್ಳುತ್ತಾರೆ. ನಿಮ್ಮ ಕೆಲಸ ಆ ಫೋನನ್ನು ಜೋಪಾನವಾಗಿ ಇಟ್ಟುಕೊಳ್ಳೋದು. ಹಬ್ಬದ ಆಫರ್ ಬಂತು ಅಂತ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ಆ ಚಾಟ್‌ನಲ್ಲಿ ಮೆಸೇಜ್ ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್ ಆನ್ ಇದೆಯಾ ಅಂತಲೂ ಇವತ್ತೇ ನೋಡಿ.

ಇನ್ನು ಪತ್ರ. ಹೆಚ್ಚೂಕಡಿಮೆ ಹೀಗಿರಲಿ. ಮೇಲೆ ದಿನಾಂಕ, ನಿಮ್ಮ ಪೂರ್ತಿ ಹೆಸರು, ವಿಳಾಸ, ಅವರ ಪೂರ್ತಿ ಹೆಸರು, ವಿಳಾಸ ಹಾಕಿ. ಮನೆಯಲ್ಲಿ ಕರೆಯೋ ಹೆಸರು ಬೇಡ, ಬ್ಯಾಂಕ್ ಖಾತೆಯಲ್ಲಿರೋ ಹೆಸರು.

"ಶ್ರೀ ____ ಅವರಿಗೆ,

ನಿಮ್ಮ ಕೋರಿಕೆಯಂತೆ 12-8-2023ರಂದು ನನ್ನ ಬ್ಯಾಂಕ್ ಖಾತೆಯಿಂದ ನಿಮ್ಮ ಖಾತೆಗೆ 1,20,000 ರೂಪಾಯಿಗಳನ್ನು ಕೈಸಾಲವಾಗಿ ವರ್ಗಾಯಿಸಿದ್ದೇನೆ. 4-11-2023ರಂದು ಬೆಂಗಳೂರಿನ ನನ್ನ ಮನೆಯಲ್ಲಿ 60,000 ರೂಪಾಯಿಗಳನ್ನು ಪ್ರತ್ಯೇಕ ಕೈಸಾಲವಾಗಿ ನಗದಿನಲ್ಲಿ ಕೊಟ್ಟಿದ್ದೇನೆ. ಹಣ ಸಿಕ್ಕಿದ್ದನ್ನು ಅದೇ ದಿನ ನೀವು ವಾಟ್ಸಾಪ್ ಮೂಲಕ ತಿಳಿಸಿದ್ದೀರಿ. 2024ರಲ್ಲಿ ನೀವು ಒಟ್ಟು 35,000 ರೂಪಾಯಿ ಹಿಂದಿರುಗಿಸಿದ್ದೀರಿ. ಅದನ್ನು ನಗದು ಸಾಲಕ್ಕೆ ಜಮಾ ಮಾಡಿಕೊಂಡಿದ್ದೇನೆ. ಈಗ ನಿಮ್ಮಿಂದ ಬರಬೇಕಾದ ಅಸಲು 1,45,000 ರೂಪಾಯಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಈ ಮೊತ್ತವನ್ನು ಕೆಳಗಿನ ಖಾತೆಗೆ ಪಾವತಿಸಬೇಕಾಗಿ ಕೋರುತ್ತೇನೆ. ತಪ್ಪಿದಲ್ಲಿ ಈ ಪತ್ರದ ದಿನಾಂಕದಿಂದ ಬಡ್ಡಿ ಮತ್ತು ಖರ್ಚು ಸಹಿತ ವಸೂಲಿಗಾಗಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ. ಮೇಲಿನ ಲೆಕ್ಕದಲ್ಲಿ ನಿಮ್ಮ ತಕರಾರು ಇದ್ದರೆ, ನಿಮ್ಮ ಪ್ರಕಾರ ಎಷ್ಟು ಬಾಕಿ ಎಂಬುದನ್ನು ಅದೇ ಅವಧಿಯೊಳಗೆ ಬರಹದಲ್ಲಿ ತಿಳಿಸಿ."

ಮನೆಯಲ್ಲಿ ಕೊಟ್ಟಿದ್ದು ಅಂತ ನಾನು ಊಹೆ ಮೇಲೆ ಹಾಕಿದ್ದೇನೆ, ಎಲ್ಲಿ ಕೊಟ್ಟಿದ್ದೀರೋ ಅದನ್ನೇ ಬರೆಯಿರಿ. ಜಾಗ ಬರೆಯೋದಕ್ಕೆ ಕಾರಣ ಇದೆ. ಅವನು ತುಮಕೂರಿನಲ್ಲಿದ್ದರೂ ವ್ಯವಹಾರ ಬೆಂಗಳೂರಿನಲ್ಲಿ ನಡೆದಿದ್ದರೆ ಇಲ್ಲೇ ದಾವೆ ಹೂಡಬಹುದು. ಕೊನೆಯ ವಾಕ್ಯ ಮಾತ್ರ ತೆಗೆಯಬೇಡಿ. "1,45,000 ಅಲ್ಲ, ಬರೀ 90,000" ಅಂತ ಅವನು ಜಗಳಕ್ಕೆ ಬಂದು ಬರೆದು ಸಹಿ ಹಾಕಿದರೆ, ಅಷ್ಟಕ್ಕಂತೂ ನಿಮ್ಮ ಕೈಗೆ ಒಪ್ಪಿಗೆ ಬಂದ ಹಾಗೆ.

ಜಯನಗರ_ಪುಸ್ತಕದಂಗಡಿ:

15 ದಿನವೇ ಯಾಕೆ ಸರ್? ಎಲ್ಲಾ ನೋಟಿಸ್‌ನಲ್ಲೂ ಅದೇ ಇರುತ್ತಲ್ಲ.

ಕರಿಕೋಟು:

ಅದು ಚೆಕ್ ಬೌನ್ಸ್ ಕಾನೂನಿನಿಂದ ಎಲ್ಲರ ಕೈಗೂ ಅಂಟಿಕೊಂಡ ಅಭ್ಯಾಸ. ಅಲ್ಲಿ ದಿನಗಳ ಲೆಕ್ಕ ಬಿಗಿ. ಚೆಕ್ ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಬರಹದ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ, ಆಗಲೂ ಕೊಡದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಸ್ಪಷ್ಟವಾಗಿ ಕೇಳಿರಬೇಕು. ಬರೀ ಕೈಸಾಲಕ್ಕೆ ಇಂಥ ಲೆಕ್ಕ ಇಲ್ಲ. 10 ದಿನ ಕೊಡಿ, 30 ಕೊಡಿ, ನಿಮ್ಮಿಷ್ಟ. ಇವರಿಗೆ ಆಗಸ್ಟ್ ಹತ್ತಿರ ಇರೋದರಿಂದ 15 ಅಂದೆ.

ಜಯನಗರ_ಪುಸ್ತಕದಂಗಡಿ:

ಹಾಗಾದರೆ ಕಳಿಸೋ ವಿಷಯ ನಾನು ಹೇಳುತ್ತೇನೆ, ಅಂಗಡಿ ಬಾಕಿಗೆ ಇಂಥ ಪತ್ರ ಕಳಿಸೋದು ನನಗೆ ಮಾಮೂಲು. ಮೊದಲಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಅದಕ್ಕೆ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅನ್ನಿ, ಆದರೆ ವಿಳಾಸದವರ ಕೈಗೇ ಕೊಡೋ ಹಾಗೆ ರಿಜಿಸ್ಟ್ರೇಷನ್ ಬೇಕು, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೊರಿಯರ್ ಬೇಡ. ಸರಿಯಾದ ವಿಳಾಸಕ್ಕೆ ದುಡ್ಡು ಕಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದು ತಲುಪಿದೆ ಅಂತ ಕಾನೂನೇ ಭಾವಿಸಿಕೊಳ್ಳುತ್ತೆ, ತಲುಪಿಲ್ಲ ಅಂತ ತೋರಿಸೋದು ಅವರ ತಲೆನೋವು. ಕೊರಿಯರ್‌ಗೆ ಆ ಅನುಕೂಲ ಇಲ್ಲ.

ಕೌಂಟರಿನಲ್ಲಿ ಕೊಡೋ ರಸೀದಿ ಇದೆಯಲ್ಲ, ಆ ನುಣುಪು ಕಾಗದದ್ದು, ಪರ್ಸಿನಲ್ಲಿ ಇಟ್ಟರೆ ಮಳೆಗಾಲ ಮುಗಿಯೋದರೊಳಗೆ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಆಗಿರುತ್ತೆ. ಪೋಸ್ಟ್ ಆಫೀಸಿನಿಂದ ಹೊರಗೆ ಬಂದ ಕೂಡಲೇ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕಾಪಿ ಮಾಡಿಸಿ. ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಅಂತ ಬಂದ ದಿನವೇ ಅದರ ಪ್ರಿಂಟ್ ತೆಗೆದಿಡಿ.

ಎರಡು ವಿಳಾಸಕ್ಕೆ ಕಳಿಸಿ: ತುಮಕೂರಿನ ಈಗಿನ ಮನೆಗೆ ಒಂದು, ಆಧಾರ್‌ನಲ್ಲಿರೋ ಊರಿನ ಮನೆಗೆ ಒಂದು. ಆಫೀಸಿಗೆ ಬೇಡ. ಅದೇ ಪತ್ರದ ಸಹಿ ಇರೋ ಪಿಡಿಎಫ್ ಅನ್ನು ವಾಟ್ಸಾಪಿಗೂ ಮೇಲ್‌ಗೂ ಹಾಕಿ. "ನಿರಾಕರಿಸಿದ್ದಾರೆ" ಅಂತಲೋ "ಬಾಗಿಲು ಹಾಕಿದೆ" ಅಂತಲೋ ಷರಾ ಬರೆದು ಲಕೋಟೆ ವಾಪಸ್ ಬಂದರೆ ಒಡೆಯಬೇಡಿ! ಕುತೂಹಲ ತಡೆಯೋಕಾಗದೆ ಒಡೆಯೋರೇ ಜಾಸ್ತಿ. ಒಳಗಿರೋದು ನೀವೇ ಬರೆದ ಪತ್ರ ತಾನೇ. ಮುಚ್ಚಿದ ಲಕೋಟೆಯನ್ನು ಹಾಗೇ ಕೋರ್ಟಿಗೆ ಕೊಡಬೇಕು.

ಬಸವೇಶ್ವರನಗರದವನು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಜಿಪಿಒದಿಂದಲೇ ಕಳಿಸುತ್ತೇನೆ, ಆಫೀಸ್ ದಾರಿಯಲ್ಲೇ ಇದೆ. ಕೊನೇದಾಗಿ ಒಂದು. ಪತ್ರ ನೋಡಿ ಅವರು "ಒಂದು ಲಕ್ಷ ಕೊಡ್ತೀನಿ, ಮುಗಿಸಿಬಿಡೋಣ" ಅಂದರೆ? ನಿಜ ಹೇಳಬೇಕೆಂದರೆ ನನಗೂ ಕೋರ್ಟ್ ಮೆಟ್ಟಿಲು ಹತ್ತೋ ಆಸೆ ಇಲ್ಲ.

ಲೆಕ್ಕದ_ಮೇಡಂ:

ನನ್ನ ಕೇಳಿದರೆ ಒಪ್ಪಿಕೊಳ್ಳಿ. ಕೋರ್ಟ್ ಫೀ, ವಕೀಲರ ಫೀ, ಡಿಕ್ರಿ (ದುಡ್ಡು ಕೊಡು ಅನ್ನೋ ಕೋರ್ಟ್ ಆದೇಶ) ಆದ ಮೇಲೆ ಅದನ್ನು ಜಾರಿ ಮಾಡಿಸೋಕೆ ಇನ್ನೊಂದು ಓಡಾಟ, ಎಲ್ಲಾ ಕಳೆದರೆ 45,000 ಬಿಟ್ಟಿದ್ದು ದೊಡ್ಡದಲ್ಲ. ಆದರೆ ಮಾತಿನಲ್ಲಿ ಬೇಡ. "ಒಟ್ಟು ಬಾಕಿ 1,45,000, ಇಂಥ ದಿನದೊಳಗೆ 1,00,000 ಕೊಟ್ಟರೆ ಲೆಕ್ಕ ಚುಕ್ತಾ, ತಪ್ಪಿದರೆ ಪೂರ್ತಿ ಬಾಕಿ ಹಾಗೇ ನಿಲ್ಲುತ್ತದೆ" ಅಂತ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಖಾತೆಗೆ ಬೀಳೋವರೆಗೂ ಚುಕ್ತಾ ಆಯಿತು ಅಂತ ರಸೀದಿ ಬರೆದುಕೊಡಬೇಡಿ.

ಕರಿಕೋಟು:

ಮೇಡಂ ಹೇಳಿದ ಆ ಕಾಗದಕ್ಕೆ ಅವನ ಸಹಿ ಬಿದ್ದರೆ ನಾನು ಮೊದಲು ಹೇಳಿದ ಒಪ್ಪಿಗೆಯೂ ಸಿಕ್ಕಿದ ಹಾಗಾಯಿತು. ಸಾಧ್ಯವಾದರೆ ಅದರ ಜೊತೆ ಮುಂದಿನ ದಿನಾಂಕದ ಚೆಕ್ ತಗೊಳ್ಳಿ. ಚೆಕ್ಕಿನ ಆಯಸ್ಸು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು, ಅದರೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಆಗ ಮೇಲಿನ 30 ದಿನ, 15 ದಿನದ ಲೆಕ್ಕ ನಿಮಗೂ ಬರುತ್ತೆ, ಮತ್ತು ಅದು ಎರಡು ವರ್ಷದವರೆಗೆ ಶಿಕ್ಷೆ ಇರೋ ಅಪರಾಧ.

ಇಬ್ಬರಿಗೂ ಮಾತುಕತೆಗೆ ಮನಸ್ಸಿದ್ದರೆ ದಾವೆ ಹಾಕೋ ಮೊದಲೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು. ಸಿಟಿ ಸಿವಿಲ್ ಕೋರ್ಟ್ ಕಡೆ ಹೋಗಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ.

ಪತ್ರ ಈ ವಾರವೇ ಹೋಗಲಿ. ಮೇ ತಿಂಗಳಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ, ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ಜೂನ್ ಮೊದಲ ವಾರಕ್ಕೂ ದುಡ್ಡು ಬಂದಿಲ್ಲ, ಸಹಿಯೂ ಸಿಕ್ಕಿಲ್ಲ ಅಂದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಈ ಪತ್ರದ ಕಾಪಿ, ಅಂಚೆ ರಸೀದಿ, ಆ ಫೋನು ಎಲ್ಲಾ ತಗೊಂಡು ಒಬ್ಬ ಸಿವಿಲ್ ವಕೀಲರ ಹತ್ತಿರ ಹೋಗಿ. ಜುಲೈ ಕೊನೆವರೆಗೂ ಕಾದು ಬಂದರೆ ಯಾರೂ ಖುಷಿಯಿಂದ ಕೇಸ್ ತಗೊಳ್ಳಲ್ಲ.